ತಂದೆಯನ್ನು ಎದುರುಗೊಂಡ ಮಗ: ಬಭ್ರುವಾಹನ ಪ್ರಸಂಗದ ಒಂದು ಪರಿಶೀಲನೆ

ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರಿಗೂ ಚಿರಪರಿಚಿತವಾದ ಕಥೆಗಳಲ್ಲಿ ಬಭ್ರುವಾಹನನ ಕಥೆಯೂ ಒಂದು. ಯಕ್ಷಗಾನ, ತಾಳಮದ್ದಳೆಗಳಲ್ಲಿ ಅದಕ್ಕೆ ‘ಬಭ್ರುವಾಹನ ಕಾಳಗ’ವೆಂದೇ ಹೆಸರು. ಈ ಹೆಸರಿನಿಂದಾಗಿ ನಮ್ಮ ಗಮನವೆಲ್ಲ ಬಾಣಪ್ರಯೋಗದ ಕಡೆಗೇ ಹರಿಯುತ್ತದೆ. ಆದರೆ ಕಥೆಯ ತಿರುಳು ಕಾಳಗವಲ್ಲ; ತಂದೆಯ ಆಸರೆಯಿಲ್ಲದೆ ಬೆಳೆದ ಮಗನು ಆ ತಂದೆಯನ್ನು ಎದುರುಗೊಳ್ಳಲು ಹೊರಟುದು. ಈ ದೃಷ್ಟಿಯಿಂದ ಪ್ರಸಂಗವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಥೆಯ ಮೂಲವು ಮಹಾಭಾರತದ ಆದಿಪರ್ವದಲ್ಲಿದೆ. ತೀರ್ಥಯಾತ್ರೆಗೆ ಹೊರಟ ಅರ್ಜುನನು ಮಣಿಪುರದ ರಾಜಪುತ್ರಿ ಚಿತ್ರಾಂಗದೆಯನ್ನು ವರಿಸುತ್ತಾನೆ. ಅವಳಲ್ಲಿ ಹುಟ್ಟುವ ಮಗನು ತನ್ನ ವಂಶಕ್ಕೇ ಸೇರಬೇಕೆಂಬುದು ಅವಳ ತಂದೆ ಚಿತ್ರವಾಹನನು ಹಾಕಿದ ನಿಬಂಧನೆ. ಅರ್ಜುನನು ಅದಕ್ಕೆ ಒಪ್ಪಿ, ಮೂರು ವರ್ಷ ಅಲ್ಲಿದ್ದು, ಮುಂದೆ ತನ್ನ ದಾರಿ ಹಿಡಿಯುತ್ತಾನೆ. ಹೀಗೆ ಬಭ್ರುವಾಹನನಿಗೆ ರಾಜ್ಯಕ್ಕೆ ಕೊರತೆಯಿರಲಿಲ್ಲ. ತಾಯಿಯ ಪ್ರೀತಿಗೂ ಕೊರತೆಯಿರಲಿಲ್ಲ. ಇಲ್ಲದ್ದು ತಂದೆಯೊಬ್ಬನೇ.

ಅಶ್ವಮೇಧದ ಕುದುರೆಯ ಹಿಂದೆ ಅರ್ಜುನನು ಮತ್ತೆ ಆ ನಾಡಿಗೆ ಬರುವನು. ಮಗನು ವಿನಯದಿಂದ, ಕಾಣಿಕೆಗಳೊಡನೆ ಎದುರುಗೊಳ್ಳುವನು. ವ್ಯಾಸಭಾರತದ ಅರ್ಜುನನು ಇದನ್ನು ಮೆಚ್ಚುವುದಿಲ್ಲ. ತಾನು ಆಯುಧವಿಲ್ಲದೆ ಬಂದಿದ್ದರೆ ಈ ಸತ್ಕಾರ ತಕ್ಕುದಾಗಿತ್ತು, ಯುದ್ಧಕ್ಕೆ ಬಂದವನನ್ನು ಕ್ಷತ್ರಿಯನು ಹೀಗೆ ಕಾಣಬಾರದು ಎಂದು ಗದರಿಸುತ್ತಾನೆ. ಇಲ್ಲಿ ಕೋಪವಿದೆ, ಆದರೆ ‘ನೀನು ನನ್ನ ಮಗನಲ್ಲ’ ಎಂಬ ಮಾತಿಲ್ಲ. ಯುದ್ಧಕ್ಕೆ ಹುರಿದುಂಬಿಸುವವಳು ನಾಗಕನ್ಯೆ ಉಲೂಪಿ.

‘ಜೈಮಿನಿ ಭಾರತ’ದಲ್ಲಿ ಚಿತ್ರವೇ ಬೇರೆ. ಜೈಮಿನಿಯ ಸಂಸ್ಕೃತ ಕಥೆಯನ್ನು ಅನುಸರಿಸಿ ದೇವನೂರಿನ ಲಕ್ಷ್ಮೀಶನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಈ ಕಾವ್ಯದಲ್ಲಿ, ಕಾಲಿಗೆರಗಿದ ಮಗನನ್ನು ಅರ್ಜುನನು ಒದೆಯುತ್ತಾನೆ. ಅಭಿಮನ್ಯುವಿನಂಥ ಮಗನನ್ನು ಪಡೆದ ತನಗೆ ಇಂಥ ಹೇಡಿ ಹುಟ್ಟಲಾರನೆಂದು ಹಳಿಯುತ್ತಾನೆ. ಈ ನಿಂದೆ ಮಗನಲ್ಲಿಗೇ ನಿಲ್ಲದೆ ಅವನ ತಾಯಿಯ ಶೀಲಕ್ಕೂ ತಗಲುತ್ತದೆ. ತನಗಾದ ಅವಮಾನವನ್ನು ಬಭ್ರುವಾಹನನು ನುಂಗಿಕೊಳ್ಳಬಹುದಾಗಿತ್ತೋ ಏನೋ. ತನ್ನನ್ನು ಒಬ್ಬಳೇ ಸಾಕಿದ ತಾಯಿಗಾದ ಅವಮಾನವನ್ನು ನುಂಗುವುದೆಂತು? ಆದುದರಿಂದ ಅವನು ಬಿಲ್ಲೆತ್ತಿದುದು ಕುದುರೆಗಾಗಿ ಅಲ್ಲ, ತಾಯಿಯ ಮಾನಕ್ಕಾಗಿ ಎಂದು ಹೇಳಿದರೆ ತಪ್ಪಾಗಲಾರದು.

ಇಲ್ಲಿ ಪಾರಸಿಕ ಕವಿ ಫಿರ್ದೌಸಿಯ ‘ಷಾನಾಮೆ’ಯಲ್ಲಿನ ರುಸ್ತುಮ್–ಸೊಹ್ರಾಬರ ಕಥೆ ನೆನಪಿಗೆ ಬರುತ್ತದೆ. ಆಂಗ್ಲ ಕವಿ ಮ್ಯಾಥ್ಯೂ ಆರ್ನಾಲ್ಡನು 1853ರಲ್ಲಿ ಇದನ್ನೇ ವಸ್ತುವಾಗಿಸಿಕೊಂಡು ಕವನವನ್ನು ಪ್ರಕಟಿಸಿದನು. ಅಲ್ಲಿಯೂ ಮಗನು ಕಾಣದ ತಂದೆಯನ್ನು ಅರಸಿ ಬರುತ್ತಾನೆ. ಆದರೆ ಗುರುತು ತಿಳಿಯದೆ ತಂದೆಯ ಕೈಯಿಂದಲೇ ಸಾಯುತ್ತಾನೆ. ಅಲ್ಲಿನ ದುರಂತಕ್ಕೆ ಅಜ್ಞಾನವು ಕಾರಣ. ನಮ್ಮ ಕಥೆಯಲ್ಲಿ ಮಗನು ತಾನಾರೆಂಬುದನ್ನು ಹೇಳಿಕೊಂಡೇ ಕಾಲಿಗೆರಗುತ್ತಾನೆ, ತಂದೆ ಒಪ್ಪುವುದಿಲ್ಲ. ಗುರುತು ತಿಳಿಯದ ದುಃಖಕ್ಕಿಂತ ಗುರುತು ಹೇಳಿಯೂ ನಿರಾಕೃತನಾಗುವ ದುಃಖ ಹೆಚ್ಚಿನದೆಂದು ನನಗೆ ತೋರುತ್ತದೆ.

ಅರ್ಜುನನು ಮಗನ ಬಾಣಕ್ಕೆ ಬೀಳುವನು. ನಾಗಲೋಕದ ಮಣಿಯಿಂದ ಮತ್ತೆ ಜೀವ ಪಡೆಯುವನು. ಇದಕ್ಕೆಲ್ಲ ಭೀಷ್ಮವಧೆಯ ದೋಷದಿಂದ ಬಂದ ಶಾಪವೇ ಕಾರಣವೆಂದು ವ್ಯಾಸಭಾರತವು ಸಮಾಧಾನ ಹೇಳುತ್ತದೆ. ಈ ಶಾಪವು ಮಗನನ್ನು ಪಿತೃಹತ್ಯೆಯ ಪಾಪದಿಂದ ಪಾರುಮಾಡುತ್ತದೆ, ನಿಜ. ಆದರೆ ಲಕ್ಷ್ಮೀಶನ ಕಾವ್ಯವನ್ನು ಓದಿದವರಿಗೆ ಆ ಒದೆತವನ್ನು ಯಾವ ಶಾಪವೂ ಅಳಿಸಲಾರದೆನಿಸುತ್ತದೆ. ವಿನಯವು ಗಳಿಸದ ಮನ್ನಣೆಯನ್ನು ಬಾಣವು ಗಳಿಸಿತಲ್ಲ ಎಂಬ ವ್ಯಥೆಯು ಉಳಿಯುತ್ತದೆ.

ವ್ಯಾಸಭಾರತದಲ್ಲಿ ಇದಾದಮೇಲೆ ಒಂದು ಸಣ್ಣ ಸಂದರ್ಭವಿದೆ. ಎಚ್ಚೆತ್ತ ತಂದೆಯನ್ನು ಮಗನು ಬೇಡುವುದು ಇಷ್ಟೆ: ಒಂದು ರಾತ್ರಿ ತಮ್ಮ ಮನೆಯಲ್ಲಿ ತಂಗಿ ಹೋಗಬೇಕು. ಕುದುರೆ ಹೋದತ್ತ ಹೋಗುವ ದೀಕ್ಷೆ ತನ್ನದು, ಊರೊಳಗೆ ಬರಲಾಗದೆಂದು ಅರ್ಜುನನು ಹೇಳಿ, ಯಜ್ಞಕ್ಕೆ ತಾಯಂದಿರೊಡನೆ ಬಾರೆಂದು ಕರೆದು ಹೊರಟುಹೋಗುತ್ತಾನೆ. ಮಗನು ಹಸ್ತಿನಾವತಿಗೆ ಹೋಗುತ್ತಾನೆ. ಅಲ್ಲಿ ಸತ್ಕಾರವೂ ದೊರೆಯುತ್ತದೆ. ಆದರೆ ಆ ಒಂದು ರಾತ್ರಿ ದೊರೆಯಲಿಲ್ಲ.

1977ರಲ್ಲಿ ತೆರೆಕಂಡ ‘ಬಭ್ರುವಾಹನ’ ಚಲನಚಿತ್ರದಲ್ಲಿ ತಂದೆಯ ಪಾತ್ರವನ್ನೂ ಮಗನ ಪಾತ್ರವನ್ನೂ ಡಾ. ರಾಜಕುಮಾರ್ ಅವರೇ ಅಭಿನಯಿಸಿದ್ದಾರೆ. ಇದು ಕಥೆಗೆ ಒಪ್ಪುವ ಏರ್ಪಾಡು. ‘ನನ್ನ ಮಗನಲ್ಲ’ ಎನ್ನುವ ಮುಖವೂ ಎದುರಿಗಿರುವ ಮುಖವೂ ಒಂದೇ ಎಂಬುದು ನೋಡುವವರಿಗೆಲ್ಲ ಕಾಣುತ್ತದೆ, ಅರ್ಜುನನಿಗೊಬ್ಬನಿಗೆ ಕಾಣುವುದಿಲ್ಲ.

ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ನಾನು ಬರೆದುದು, ನೋಡಿ ನೆನಪಿಲ್ಲದವರ ಹೆಸರನ್ನು. ಪಕ್ಕದಲ್ಲಿ ನಿಂತಿದ್ದ ನನ್ನ ತಾಯಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಈ ಕಾವ್ಯಭಾಗವನ್ನು ಓದಿದಂದು ನನಗೆ ಆ ದಿನ ನೆನಪಾಯಿತು. ಅವರನ್ನು ಹುಡುಕಿಕೊಂಡು ಹೋಗಬೇಕೆಂಬ ಆಸೆ ಈಗಲೂ ಇದೆ. ಹೋದರೆ ಕಾಣಿಕೆಯನ್ನಾಗಲಿ ಬಾಣವನ್ನಾಗಲಿ ಒಯ್ಯುವುದಿಲ್ಲ. ಒಂದು ರಾತ್ರಿ ನಮ್ಮ ಮನೆಯಲ್ಲಿ ಊಟಮಾಡಿ ಹೋಗಿರೆಂದು ಕರೆಯುತ್ತೇನೆ. ಬರುವುದೂ ಬಿಡುವುದೂ ಅವರಿಗೆ ಸೇರಿದ್ದು. ಕರೆಯುವುದು ಮಗನ ಧರ್ಮ. ಬಭ್ರುವಾಹನನಿಂದ ನಾನು ಕಲಿತ ಪಾಠವಿದು.