ವೆಲ್ಡಿಂಗ್ ಬೆಳಕು, ನಡುರಾತ್ರಿಯ ಕಣ್ಣುರಿ

“ಬೆಳಕ ನೋಡಬ್ಯಾಡ ಅಂತ ಮೊದಲ ಹೇಳಿದ್ದೆ” ಎಂದು ಶೆಡ್ಡಿನ ಮಾಲೀಕರು ಇವತ್ತಿಗೂ ಹೇಳುತ್ತಾರೆ. ವೆಲ್ಡಿಂಗ್ ಹೊಡೆಯುವವನ ಎದುರು ಕೂತು, ಎರಡು ಆ್ಯಂಗಲ್ ತುಂಡುಗಳನ್ನು ಮೂಲೆಮಟ್ಟಕ್ಕೆ ಹಿಡಿಯಬೇಕಾದ ಹೆಲ್ಪರ್ ಹುಡುಗ ನೋಡದೆ ಹಿಡಿಯುವುದು ಹೇಗೆ? ತುಂಡು ಒಂದು ನೂಲು ಸರಿದರೂ ಬೈಗುಳ ಅವನಿಗೇ. ಇದ್ದದ್ದು ಒಂದೇ ಮಾಸ್ಕ್. ಅದು ಹೋಲ್ಡರ್ ಹಿಡಿದವನ ಮುಖದ ಮೇಲಿತ್ತು.

ಆ ಹುಡುಗ ನನ್ನ ತಮ್ಮನ ಮಗ. ಐಟಿಐ ಮುಗಿಸಿ ಹುಬ್ಬಳ್ಳಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿಗೆ ಸೇರಿದ್ದ. ಅಂದು ಮಧ್ಯಾಹ್ನವೆಲ್ಲ ಗೇಟಿನ ಚೌಕಟ್ಟಿಗೆ ಟ್ಯಾಕಿಂಗ್ ಹಾಕುವ ಕೆಲಸ. ಸಂಜೆ ಮನೆಗೆ ಬಂದ, ಉಂಡ, ಟಿವಿ ನೋಡಿದ, ಮಲಗಿದ. ಕಣ್ಣು ನೋಯುತ್ತಿದೆ ಎಂದು ಒಂದು ಮಾತೂ ಆಡಲಿಲ್ಲ, ಏಕೆಂದರೆ ಆಗ ನೋವೇ ಇರಲಿಲ್ಲ.

ನಡುರಾತ್ರಿ ಅವನು ಕೂಗಿದ ಕೂಗಿಗೆ ಮನೆಯವರೆಲ್ಲ ಎದ್ದರು. “ಅತ್ತಿ, ಕಣ್ಣಾಗ ಉಸುಕು ತುಂಬಿದಂಗ ಆಗೈತಿ, ತಗಿಯಾಕ ಆಗವಲ್ದು!” ಎರಡೂ ರೆಪ್ಪೆ ಬಾತಿದ್ದವು, ನೀರು ಧಾರೆಯಾಗಿ ಇಳಿಯುತ್ತಿತ್ತು. ದೀಪ ಹಾಕಿದರೆ ಗೋಡೆಗೆ ಮುಖ ತಿರುಗಿಸುತ್ತಿದ್ದ. ಮೊಬೈಲಿನ ಬೆಳಕನ್ನೂ ತಾಳಲಿಲ್ಲ. ಇಪ್ಪತ್ತರ ಹುಡುಗ, ಹಾಸಿಗೆಯ ಅಂಚನ್ನು ಹಿಡಿದುಕೊಂಡು ಅತ್ತ. ಅವನ ತಾಯಿ ಆಲೂಗಡ್ಡೆ ಹೋಳು ಮಾಡಿ ತಂದಳು. ಪಕ್ಕದ ಮನೆಯವರು ಬಾಣಂತಿಯ ಹಾಲು ಬಿಡಿ ಎಂದರು. ಅಷ್ಟರಲ್ಲಿ ತಮ್ಮ ಶೆಡ್ಡಿನವರಿಗೆ ಫೋನ್ ಮಾಡಿ, ಅವರೆಲ್ಲ ಹಾಕಿಕೊಳ್ಳುವ ಹನಿಯ ಬಾಟಲಿಯನ್ನು ತಂದೇಬಿಟ್ಟ.

ಒಂದೊಂದು ಹನಿ ಬಿದ್ದ ಕೂಡಲೇ ಹುಡುಗ ಸುಮ್ಮನಾದ. ಎಲ್ಲರಿಗೂ ಜೀವ ಬಂದಂತಾಯಿತು. ಅರ್ಧ ತಾಸು ಕಳೆಯುವಷ್ಟರಲ್ಲಿ ಉರಿ ಮತ್ತೆ ಮೊದಲಿನಂತೆಯೇ ಬಂತು, ಹುಡುಗ ಹನಿಗಾಗಿ ಗೋಗರೆಯತೊಡಗಿದ. ಚೀಟಿ ಓದಿದಾಗ ಗೊತ್ತಾಯಿತು, ಅದು ಪ್ರೊಪರಾಕೇನ್. ಕಣ್ಣನ್ನು ಮರಗಟ್ಟಿಸುವ ಔಷಧ. ಹಿಂದೆ ನನ್ನ ಕಣ್ಣಿನ ಪರೀಕ್ಷೆಗೆ ಅದನ್ನೇ ಹಾಕಿದ್ದ ವೈದ್ಯರು, ಇದು ನಮ್ಮ ಕೈಯಲ್ಲಷ್ಟೇ ಇರಬೇಕಾದ್ದು, ಮನೆಗೆ ಕೊಡುವಂಥದ್ದಲ್ಲ ಎಂದಿದ್ದರು. ನೋವು ಅಡಗುತ್ತದೆ, ಆದರೆ ಪದೇ ಪದೇ ಹಾಕಿದರೆ ಗಾಯ ಮಾಯುವುದು ನಿಲ್ಲುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಕರಗಿ ದೃಷ್ಟಿಯೇ ಹೋಗಬಹುದು. ಬಾಟಲಿಯನ್ನು ಕಸಿದುಕೊಂಡೆ. “ಹುಡುಗ ಸಾಯಾಕ ಹತ್ಯಾನ, ನಿನ್ನ ಪುಸ್ತಕದ ಮಾತು ಬ್ಯಾಡ” ಎಂದು ತಮ್ಮ ಕೂಗಾಡಿದ. ಬೆಳಗಿನವರೆಗೂ ಬೈದ. ನಾನು ಕೊಡಲಿಲ್ಲ. ತಣ್ಣೀರಿನ ಬಟ್ಟೆ, ಕತ್ತಲೆ ಕೋಣೆ, ನೋವಿನ ಮಾತ್ರೆ ಇಷ್ಟರಲ್ಲೇ ರಾತ್ರಿ ಕಳೆಯಿತು. ಆ ಹಟದ ಬಗ್ಗೆ ಇಂದಿಗೂ ಹೆಮ್ಮೆಯಿದೆ.

ಮಧ್ಯಾಹ್ನದ ಬೆಳಕು ನಡುರಾತ್ರಿ ಏಕೆ ನೋಯಿಸಬೇಕು? ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಕ್ರೀಭವನದ ಪಾಠ ಮಾಡಿದ ನನಗೆ ಈ ಪ್ರಶ್ನೆಯ ಉತ್ತರ ಪಾಠದ ಒಳಗೇ ಇದೆ ಎನಿಸುತ್ತದೆ. ಕಣ್ಣಿನಲ್ಲಿ ಬೆಳಕನ್ನು ಬಾಗಿಸುವುದು ಮಸೂರ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆ ಕೆಲಸದ ಸುಮಾರು ಮೂರರಲ್ಲಿ ಎರಡು ಪಾಲು ಎಲ್ಲಕ್ಕಿಂತ ಮುಂದಿರುವ ಕಾರ್ನಿಯಾದ್ದು. ಗಾಳಿಯ ವಕ್ರೀಭವನ ಸೂಚ್ಯಂಕ 1.0003, ಕಾರ್ನಿಯಾದ್ದು 1.376. ಈ ಗಡಿ ದಾಟುವಾಗ ಬೆಳಕಿನ ವೇಗ ತಟ್ಟನೆ ಇಳಿಯುತ್ತದೆ, ಓರೆಯಾಗಿ ಬಂದ ಕಿರಣದ ದಾರಿ ಬಾಗುತ್ತದೆ. ಬಾವಿಯಲ್ಲಿ ಮುಳುಗಿ ಕಣ್ಣು ಬಿಟ್ಟವರಿಗೆ ಎಲ್ಲ ಮಸುಕಾಗಿ ಕಾಣುವುದೂ ಇದರಿಂದಲೇ. ನೀರಿನ ಸೂಚ್ಯಂಕ 1.33, ಕಾರ್ನಿಯಾದ್ದಕ್ಕೆ ತೀರ ಹತ್ತಿರ. ಎರಡರ ನಡುವೆ ಹೆಚ್ಚು ವ್ಯತ್ಯಾಸ ಇಲ್ಲದಲ್ಲಿ ಬೆಳಕು ಹೆಚ್ಚು ಬಾಗುವುದಿಲ್ಲ, ಬಿಂಬ ರೆಟಿನಾದ ಮೇಲೆ ಕೂಡುವುದಿಲ್ಲ.

ನಟ್ಟನಡುವೆ ಅರ್ಧ ಮಿಲಿಮೀಟರಿನಷ್ಟೇ ದಪ್ಪದ, ರಕ್ತನಾಳಗಳಿಲ್ಲದ, ಆದರೆ ನರದ ತುದಿಗಳು ಕಿಕ್ಕಿರಿದ ಪೊರೆ ಈ ಕಾರ್ನಿಯಾ. ಕಾಣುವ ಬೆಳಕನ್ನು ಒಳಗೆ ಬಿಡುತ್ತದೆ. ಸುಮಾರು 300 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ನೇರಳಾತೀತ ಬಂದರೆ ಬಹುಪಾಲನ್ನು ತಾನೇ ಹೀರಿಕೊಳ್ಳುತ್ತದೆ. ಹೀರಿದಾಗ ಮೇಲ್ಪದರದ ಜೀವಕೋಶಗಳು ಒಳಗೊಳಗೇ ಕೆಡುತ್ತವೆ, ಉದುರುವುದು 6ರಿಂದ 12 ತಾಸು ಕಳೆದ ಮೇಲೆ. ಉದುರಿದಾಗ ನರದ ತುದಿಗಳು ಬಯಲಾಗುತ್ತವೆ. ಹುಡುಗನ ಕಣ್ಣಲ್ಲಿ ಉಸುಕು ಇರಲಿಲ್ಲ. ರೆಪ್ಪೆ ಪ್ರತಿ ಸಲ ಬಡಿದಾಗಲೂ ಆ ಬರಿಯ ನರಗಳನ್ನು ಉಜ್ಜುತ್ತಿತ್ತು.

ವೆಲ್ಡಿಂಗ್ ಆರ್ಕಿನಂತೆ ಸೂರ್ಯನ ಬೆಳಕಿನಲ್ಲೂ ನೇರಳಾತೀತ ಇದೆ. ಅದರಲ್ಲಿ 280 ನ್ಯಾನೊಮೀಟರಿಗಿಂತ ಕೆಳಗಿನದನ್ನು ಮೇಲಿನ ವಾಯುಮಂಡಲ, ಮುಖ್ಯವಾಗಿ ಓಝೋನ್, ತಡೆದುಬಿಡುತ್ತದೆ. ವೆಲ್ಡಿಂಗಿನ ಆರ್ಕಿಗೂ ಹೆಲ್ಪರನ ಮುಖಕ್ಕೂ ನಡುವೆ ಇರುವುದು ಒಂದು ತೋಳಿನಷ್ಟು ಗಾಳಿ. ಹಿಮದ ಮೇಲೆ ನಡೆಯುವವರಿಗೆ ಬರುವ ಹಿಮಗುರುಡೂ ಇದೇ ಕಾಯಿಲೆ. ಹೊಸ ಹಿಮ ನೇರಳಾತೀತದ ಶೇ. 80ರಷ್ಟನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ, ಆದ್ದರಿಂದಲೇ ಪರ್ವತಾರೋಹಿಗಳು ಕನ್ನಡಕ ತೆಗೆಯುವುದಿಲ್ಲ.

ಕಣ್ಣಿಗೆ ಕಾಣದ ಬೆಳಕನ್ನು ಮನುಷ್ಯ ಮೊದಲು ಹಿಡಿದದ್ದೂ ಬೆಳಕು ಬಾಗುವ ಗುಣದಿಂದಲೇ. 1800ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಗಾಜಿನ ಪ್ರಿಸಂ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಮುಗಿದ ಮೇಲೂ, ಏನೂ ಕಾಣದ ಜಾಗದಲ್ಲಿ, ಪಾದರಸ ಇನ್ನೂ ಏರಿತು. ಅದು ಅವಕೆಂಪು. ಮರುವರ್ಷ ಜರ್ಮನಿಯಲ್ಲಿ ಯೊಹಾನ್ ರಿಟರ್ ನೇರಳೆಯ ಆಚೆಗೆ ಬೆಳ್ಳಿಯ ಕ್ಲೋರೈಡ್ ಇಟ್ಟ. ಬಣ್ಣವೇ ಇಲ್ಲದ ಆ ಜಾಗದಲ್ಲಿ ಅದು ಬೇರೆಲ್ಲ ಕಡೆಗಿಂತ ಬೇಗ ಕಪ್ಪಾಯಿತು. ಗಾಜು ಕೆಂಪಿಗಿಂತ ನೇರಳೆಯನ್ನು ಹೆಚ್ಚು ಬಾಗಿಸುತ್ತದೆ, ನೇರಳಾತೀತವನ್ನು ಇನ್ನೂ ಹೆಚ್ಚು. ಬಣ್ಣಗಳು ಹಾಗೆ ಬೇರ್ಪಟ್ಟದ್ದರಿಂದಲೇ ಇಬ್ಬರಿಗೂ ಕಾಣದ ಬೆಳಕು ಸಿಕ್ಕಿತು. ಪ್ರಿಸಂ ಚಿತ್ರ ಬಿಡಿಸಿ ಏಳು ಬಣ್ಣ ಬರೆಸಿ ಪಾಠ ಮುಗಿಸುವುದು ನಮ್ಮ ಶಾಲೆಗಳ ರೂಢಿ. ಚಿತ್ರದ ಎರಡೂ ಬದಿಯ ಖಾಲಿ ಜಾಗವನ್ನು ಮಕ್ಕಳಿಗೆ ತೋರಿಸಬೇಕು. ಅವರಲ್ಲಿ ಎಷ್ಟೋ ಮಂದಿ ಮುಂದೆ ಶೆಡ್ಡುಗಳಲ್ಲಿ ದುಡಿಯುವವರು.

ಮರುದಿನ ಕಣ್ಣಿನ ವೈದ್ಯರು ಫ್ಲೋರೆಸಿನ್ ಎಂಬ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರು. ಕಾರ್ನಿಯಾದ ಮೇಲ್ಪದರ ಸುಲಿದ ಕಡೆಯೆಲ್ಲ ಹಸಿರು ಚುಕ್ಕೆಗಳು ಹೊಳೆದವು. ಎರಡೂ ಕಣ್ಣಿನ ತುಂಬ. ಆ್ಯಂಟಿಬಯೋಟಿಕ್ ಮುಲಾಮು, ಕಣ್ಣೀರಿನಂಥ ಹನಿ, ವಿಶ್ರಾಂತಿ ಇಷ್ಟೇ ಬರೆದುಕೊಟ್ಟರು. ಕಾರ್ನಿಯಾದ ಮೇಲ್ಪದರ ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ ಹೊಸದಾಗಿ ಬೆಳೆಯುತ್ತದೆ. ಹುಡುಗನದ್ದೂ ಬೆಳೆಯಿತು. ಮತ್ತೆ ಮತ್ತೆ ಹೀಗಾಗಲು ಬಿಡುವುದು ಬೇರೆ ಮಾತು.

ಕಲಿತದ್ದರಲ್ಲಿ ಹೇಳಬೇಕಾದ್ದು ಕೆಲವೇ. ಗ್ಯಾಸ್ ಕಟಿಂಗಿನ ಕಪ್ಪು ಗಾಗಲ್ ಆರ್ಕ್ ವೆಲ್ಡಿಂಗಿಗೆ ಸಾಲದು. ರಾಡ್ ವೆಲ್ಡಿಂಗಿಗೆ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚಿನ ಶೇಡಿನ ಗಾಜು ಬೇಕು. ಪೇಟೆಯ ಅಗ್ಗದ ಕಪ್ಪು ಕನ್ನಡಕ ನೇರಳಾತೀತವನ್ನು ತಡೆಯದೇ ಇದ್ದರೆ ಬರಿಗಣ್ಣಿಗಿಂತಲೂ ಕೆಟ್ಟದ್ದು. ಕತ್ತಲೆಗೆ ಪಾಪೆ ಅಗಲವಾಗುತ್ತದೆ, ಕಾಣದ ಬೆಳಕು ಇನ್ನಷ್ಟು ಒಳನುಗ್ಗುತ್ತದೆ. ಸ್ಟೀಲು, ಅಲ್ಯುಮಿನಿಯಂ ಹಾಳೆಗಳಿಂದ ಪ್ರತಿಫಲಿಸಿ ಬಂದ ಬೆಳಕೂ ಸುಡುತ್ತದೆ, ಬೆನ್ನು ಮಾಡಿ ನಿಂತರೆ ಮುಗಿಯಲಿಲ್ಲ. ಕುಲುಮೆಯ ಮುಂದೆ ವರ್ಷಾನುಗಟ್ಟಲೆ ನಿಂತವರಿಗೆ ಅವಕೆಂಪಿನ ಕಾವಿನಿಂದ ಮಸೂರಕ್ಕೆ ಪೊರೆ ಬರುತ್ತದೆ, ಗಾಜು ಊದುವವರಲ್ಲಿ ಅದು ಹಳೆಯ ಕಾಯಿಲೆ.

1948ರ ಕಾರ್ಖಾನೆ ಕಾಯ್ದೆ ತನ್ನ 35ನೇ ಕಲಮಿನಲ್ಲಿ ಕಣ್ಣಿನ ರಕ್ಷಣೆಯನ್ನೇ ಬರೆಯಿತು. ತಡೆಪರದೆ ಅಥವಾ ಕನ್ನಡಕ, ಅತಿ ಬೆಳಕಿನಿಂದ ಅಪಾಯವಿರುವ ಕೆಲಸಕ್ಕೂ ಸೇರಿ. ಆದರೆ ನಾಲ್ಕೈದು ಜನ ದುಡಿಯುವ ಶೆಡ್ಡುಗಳು ಸಾಮಾನ್ಯವಾಗಿ ಆ ಕಾಯ್ದೆಯ ಕೈಗೆ ಸಿಗುತ್ತಿರಲಿಲ್ಲ. ಎರಡನೇ ಮಾಸ್ಕ್ ಕೊಳ್ಳುವ ಖರ್ಚು ಒಂದು ಗೇಟಿನ ಕೆಲಸದಲ್ಲಿ ಹುಟ್ಟುವ ಲಾಭದ ಮುಂದೆ ಏನೇನೂ ಅಲ್ಲ. ಹಾಗಿದ್ದೂ ಕೊಳ್ಳದ ಮಾಲೀಕರನ್ನು ನಾನು ಕ್ಷಮಿಸಲಾರೆ.

ನಿಮ್ಮ ಮನೆಯ ಹುಡುಗ ವೆಲ್ಡಿಂಗ್ ಶೆಡ್ಡಿಗೆ ಹೆಲ್ಪರ್ ಆಗಿ ಹೋಗುತ್ತಿದ್ದರೆ, ಪಗಾರ ಎಷ್ಟು ಎಂದು ಕೇಳುವಾಗಲೇ ಅಲ್ಲಿ ಮಾಸ್ಕ್ ಎಷ್ಟಿವೆ ಎಂದೂ ಕೇಳಿ. ರಾತ್ರಿ ಕಣ್ಣುರಿ ಬಂದರೆ ಮರಗಟ್ಟಿಸುವ ಹನಿ ಬೇಡ, ಆಲೂಗಡ್ಡೆ ಬೇಡ, ಹಾಲು ಬೇಡ. ಬೆಳಗಾಗುತ್ತಲೇ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.