ದೂರದರ್ಶಕಕ್ಕೆ ದಾರಿ ತೋರಿಸಿದ ರೋಹಿಣಿ

‘ಉಡು’ ಎಂದರೆ ನಕ್ಷತ್ರ. ‘ಉಡುಪ’ ಎಂದರೆ ನಕ್ಷತ್ರಗಳ ಒಡೆಯನಾದ ಚಂದ್ರ. ದಕ್ಷನ ಇಪ್ಪತ್ತೇಳು ಮಂದಿ ಕುವರಿಯರನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಹೆಚ್ಚಿನ ಒಲವನ್ನಿಟ್ಟು, ಮಾವನ ಶಾಪಕ್ಕೆ ಗುರಿಯಾಗಿ, ಅದರ ಪರಿಹಾರಕ್ಕೆ ತಪಸ್ಸು ಮಾಡಿದ ತಾಣವೇ ಉಡುಪಿ ಎಂದು ಸ್ಥಳಪುರಾಣ ಹೇಳುತ್ತದೆ. ಚಂದ್ರಮೌಳೀಶ್ವರನ ಗುಡಿ ಇಂದಿಗೂ ಆ ಕಥೆಯನ್ನು ನೆನಪಿಸುತ್ತಿದೆ. ಆದರೆ ನಕ್ಷತ್ರದ ಹೆಸರನ್ನೇ ಹೊತ್ತ ಈ ಊರಿನವರು ನಕ್ಷತ್ರ ನೋಡಬೇಕಾದರೆ ಈಗ ಊರು ಬಿಟ್ಟು ಹೋಗಬೇಕಾಗಿದೆ!

2026ರ ಜನವರಿ 16, ಶುಕ್ರವಾರ. ಅಮಾವಾಸ್ಯೆಗೆ ಎರಡೇ ದಿನವಿತ್ತು. ಮಣಿಪಾಲದ ಗೆಳೆಯನೊಬ್ಬನ ಮನೆಯ ಕಂಪ್ಯೂಟರ್ ಜೋಡಿಸಿದ ದೂರದರ್ಶಕವು ಒಂದು ರಾತ್ರಿಯ ಮಟ್ಟಿಗೆ ನಾವು ಐವರು ಮಿತ್ರರ ವಶಕ್ಕೆ ಬಂದಿತು. ಎಲ್ಲಿ ನೋಡುವುದು? ಉಡುಪಿಯು ಪರ್ಯಾಯದ ದೀಪಾಲಂಕಾರದಿಂದ ಬೆಳಗುತ್ತಿತ್ತು. ಮಣಿಪಾಲದ ಗುಡ್ಡದ ಮೇಲೂ ದೀಪಗಳ ಸಾಲೇ. ಕಾಪುವಿನ ಕಡಲತೀರ ವಿಶಾಲವೇನೋ ಸರಿ. ಆದರೆ 1901ರ ಅಲ್ಲಿನ ದೀಪಸ್ತಂಭದ ಬೆಳಕು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಉಪ್ಪುಗಾಳಿಯೂ ಗಾಜಿಗೆ ಹಿತವಲ್ಲ. ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದು ಕೆಡಲು ಒಂದು ಕ್ಷಣ ಸಾಕು. ಕೊನೆಗೆ ಕಾರ್ಕಳದ ಬಾಹುಬಲಿ ಬೆಟ್ಟವನ್ನು ದಾಟಿ, ಘಟ್ಟದ ಕಡೆಗೆ ಹೋಗಿ, ಪರಿಚಿತರೊಬ್ಬರ ಕಟಾವಾದ ಗದ್ದೆಯಲ್ಲಿ ಇಳಿದೆವು.

ಈ ಯಂತ್ರದ ಕನ್ನಡಿ ಎಂಟು ಅಂಗುಲ, ಎಂದರೆ 203 ಮಿಲಿಮೀಟರ್ ಅಗಲ. ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್. ಬೆಳಕು ಹಿಡಿಯುವ ಶಕ್ತಿ ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಅದು ನಮ್ಮ ಕಣ್ಣಿಗಿಂತ ಸುಮಾರು 840 ಪಟ್ಟು ಬೆಳಕನ್ನು ಕೂಡಿಸುತ್ತದೆ. ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವಷ್ಟೆ? ಮೋಟಾರು ಆ ವೇಗಕ್ಕೆ ಸರಿಯಾಗಿ ಕೊಳವೆಯನ್ನು ತಿರುಗಿಸುತ್ತದೆ. ಸಾವಿರಾರು ಆಕಾಶಕಾಯಗಳ ಸ್ಥಾನ ಅದರ ನೆನಪಿನಲ್ಲಿದೆ. ಗುಂಡಿ ಒತ್ತಿದರೆ ಸಾಕು, ತಾನೇ ತಿರುಗಿ ತೋರಿಸುತ್ತದೆ.

ಆದರೆ ಅದಕ್ಕೆ ಮೊದಲು ನಾವು ಅದಕ್ಕೆ ಪಾಠ ಹೇಳಬೇಕು! ಕೊಳವೆಯನ್ನು ಮಟ್ಟಸವಾಗಿರಿಸಿ ಉತ್ತರಕ್ಕೆ ಮುಖ ಮಾಡಬೇಕು. ಧ್ರುವನಕ್ಷತ್ರದ ಎತ್ತರವು ಊರಿನ ಅಕ್ಷಾಂಶಕ್ಕೆ ಸಮ. ನಮ್ಮ ಜಿಲ್ಲೆಯಲ್ಲಿ ಅದು ಸುಮಾರು 13 ಡಿಗ್ರಿ ಮಾತ್ರ. ಅಡಿಕೆ ತೋಟದ ತಲೆಗಳ ಮೇಲೆ ಮಂಕಾಗಿದ್ದ ಅದನ್ನು ಹುಡುಕಿದ್ದಾಯಿತು. ಬಳಿಕ ಸ್ಥಳ, ದಿನಾಂಕ, ವೇಳೆಗಳನ್ನು ತಿಳಿಸಿದೆವು. ಆಗ ಯಂತ್ರವು ತನಗೆ ತಿಳಿದಂತೆ ಒಂದು ಪ್ರಕಾಶಮಾನವಾದ ನಕ್ಷತ್ರದತ್ತ ತಿರುಗುತ್ತದೆ. ಅದನ್ನು ನಾವು ದೃಷ್ಟಿಯ ನಡುವಿಗೆ ತಂದು ‘ಸರಿ’ ಎನ್ನಬೇಕು. ಇನ್ನೊಂದು ನಕ್ಷತ್ರಕ್ಕೂ ಹೀಗೆಯೇ. ಈ ಎರಡರ ಆಧಾರದಿಂದಲೇ ಅದು ಇಡೀ ಆಕಾಶವನ್ನು ಲೆಕ್ಕ ಹಾಕುತ್ತದೆ.

ರಾತ್ರಿ ಎಂಟೂವರೆ. ಯಂತ್ರವು ‘ಅಲ್ಡೆಬರಾನ್’ ಎಂದು ಬರೆದು ತೋರಿಸಿ, ಗುಂಯ್ಗುಟ್ಟುತ್ತ ತಿರುಗಿ ನಿಂತಿತು. ಇಣುಕಿದರೆ ಸಣ್ಣಪುಟ್ಟ ಚುಕ್ಕೆಗಳಷ್ಟೆ. “ಯಂತ್ರ ತಪ್ಪುತ್ತದಾ ಮಾರಾಯ? ಹತ್ತಿರದ್ದೊಂದನ್ನು ನಡುವಿಗೆ ತಂದು ಒತ್ತು,” ಎಂದನು ಗೆಳೆಯ. ನನ್ನ ಬೆರಳೂ ಗುಂಡಿಯ ಮೇಲಿತ್ತು.

ಅಲ್ಡೆಬರಾನ್ ಎಂದರೆ ನಮ್ಮ ರೋಹಿಣಿಯೇ. ಅರಬ್ಬಿಯಲ್ಲಿ ಆ ಹೆಸರಿಗೆ ‘ಹಿಂಬಾಲಿಸುವವನು’ ಎಂದರ್ಥ. ಕೃತ್ತಿಕೆಯ ಗೊಂಚಲು ಮೂಡಿದ ಮೇಲೆ ಅದರ ಹಿಂದೆಯೇ ಇದು ಮೂಡುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಅಕ್ಷರವರಿಯದ ನನ್ನ ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಹೇಳಿಕೊಟ್ಟಿದ್ದರು: “ಗೊಂಚಲಿನ ಹಿಂದೆ ಕೆಂಪಗಿರುವುದು ರೋಹಿಣಿ.” ತಲೆಯೆತ್ತಿ ನೋಡಿದೆ. ಆ ಕೆಂಪು ಚುಕ್ಕೆ ನೆತ್ತಿಯ ಸಮೀಪದಲ್ಲಿತ್ತು. ಕೊಳವೆಯ ಮುಖವೋ ಅದರಿಂದ ಪೂರ್ವಕ್ಕೆ, ಮೃಗಶಿರೆಗಿಂತ ತುಸು ಉತ್ತರದ ಬರಿದಾದ ಜಾಗಕ್ಕಿತ್ತು!

ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಅಳೆದು ನೋಡಿದೆ: ಒಂದೂವರೆ ಮುಷ್ಟಿ. ಎಂದರೆ 15 ಡಿಗ್ರಿ. ಎಂದರೆ ಸರಿಯಾಗಿ ಒಂದು ಗಂಟೆ! ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇಂಗ್ಲೆಂಡ್, ಅಮೆರಿಕಗಳಲ್ಲಿದೆ, ನಮ್ಮಲ್ಲಿಲ್ಲ. ಯಂತ್ರದಲ್ಲಿ ಆ ಲೆಕ್ಕ ಜಾರಿಯಲ್ಲಿಯೇ ಉಳಿದಿತ್ತು. ನಾವು ಕೊಟ್ಟ ಎಂಟೂವರೆಯನ್ನು ಅದು ಏಳೂವರೆಯೆಂದೇ ಗ್ರಹಿಸಿ, ಒಂದು ಗಂಟೆ ಹಿಂದಿನ ಆಕಾಶವನ್ನು ತೋರಿಸುತ್ತಿತ್ತು. ಅದನ್ನು ತಿದ್ದಿದೊಡನೆ ರೋಹಿಣಿ ಕೊಳವೆಯೊಳಗೆ ಕೆಂಡದ ಕಿಡಿಯಂತೆ ಹೊಳೆದಳು. ಲುಬ್ಧಕವನ್ನು ಎರಡನೆಯ ಸಾಕ್ಷಿಯಾಗಿಸಿದೆವು.

ಆಮೇಲೆ ಯಂತ್ರ ಒಮ್ಮೆಯೂ ತಪ್ಪಲಿಲ್ಲ. ಮಿಥುನ ರಾಶಿಯಲ್ಲಿದ್ದ ಗುರುವನ್ನೂ, ಒಂದೇ ಗೆರೆಯಲ್ಲಿ ನಿಂತ ಅದರ ಉಪಗ್ರಹಗಳನ್ನೂ ಕಂಡೆವು. ಮಹಾವ್ಯಾಧನ ಖಡ್ಗದಲ್ಲಿ ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆಯನ್ನು ಕಂಡೆವು. ನಕ್ಷತ್ರಗಳು ಹುಟ್ಟುವ ಆ ತೊಟ್ಟಿಲು ಉಸಿರು ತಾಗಿದ ಕನ್ನಡಿಯ ಮಂಜಿನಂತಿತ್ತು. ನಡುರಾತ್ರಿಗೆ ಇಬ್ಬನಿ ಗಾಜನ್ನು ಕವಿಯತೊಡಗಿದಾಗ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯ ಬಾಯಿಗೆ ಸುತ್ತಿ ಇನ್ನೊಂದು ಗಂಟೆ ಕಳೆದೆವು.

ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರ್ದ್ರೆ: ಈ ಹೆಸರುಗಳನ್ನು ಅರಿಯದ ಬೇಸಾಯದ ಮನೆ ನಮ್ಮಲ್ಲಿಲ್ಲ. ಆದರೆ ನಮಗೆ ಅವು ಮಳೆಯ ಹೆಸರುಗಳು ಮಾತ್ರ. ಸೂರ್ಯನು ಆ ನಕ್ಷತ್ರದ ಬಳಿಯಿರುವಾಗ ಬರುವುದೇ ಆ ಹೆಸರಿನ ಮಳೆ. ಆದುದರಿಂದ ರೋಹಿಣಿ ಮಳೆಯ ಕಾಲದಲ್ಲಿ ರೋಹಿಣಿ ಕಾಣಸಿಗುವುದಿಲ್ಲ. ಅದನ್ನು ಕಾಣಬೇಕಾದರೆ ಚಳಿಗಾಲದಲ್ಲಿ ಕತ್ತೆತ್ತಬೇಕು.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದಿಲ್ಲದೆ ನಾವು ಅಷ್ಟನ್ನು ಕಾಣುತ್ತಿರಲಿಲ್ಲ. ಆದರೆ ಅದು ತಪ್ಪಿದೆಯೆಂದು ಅರಿಯಲು ನಮಗೂ ಒಂದೆರಡು ನಕ್ಷತ್ರಗಳ ಗುರುತು ಬೇಕು. ಮಿತ್ರರು ಈ ಸಂಚಿಕೆ ಕೈಸೇರಿದ ಮೇಲೆ, ಮಳೆಗಾಲ ಮೊದಲಾಗುವುದರೊಳಗೆ ಒಂದು ಸಂಜೆ ಪಶ್ಚಿಮದತ್ತ ನೋಡಿ ಆ ಕೆಂಪು ಚುಕ್ಕೆಯನ್ನು ಗುರುತಿಸಿಕೊಳ್ಳಬೇಕೆಂದು ಬಿನ್ನಹ.

ರೋಹಿಣಿ ಇರುವುದು ಸುಮಾರು 65 ಜ್ಯೋತಿರ್ವರ್ಷಗಳಾಚೆ. ನಾವು ಆ ರಾತ್ರಿ ಕಂಡ ಬೆಳಕು ಅಲ್ಲಿಂದ ಹೊರಟಾಗ ನನ್ನ ಅಜ್ಜಿ ಶಾಲೆಯ ಮೆಟ್ಟಿಲು ಹತ್ತದ ಪುಟ್ಟ ಹುಡುಗಿ. ಅವರೀಗ ಇಲ್ಲ. ಇದ್ದಿದ್ದರೆ ಆ ಗದ್ದೆಗೆ ಕರೆದೊಯ್ದು, ಮೊದಲು ಅವರಿಗೇ ತೋರಿಸುತ್ತಿದ್ದೆ.