ಓರೆ ಎಳೆತ ಮತ್ತು ಕೆಲಸದ ಲೆಕ್ಕ



'ಕೆಲಸ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಹೊಲದ ಕೆಲಸ, ಮನೆಗೆಲಸ, ಕಚೇರಿಯ ಕೆಲಸ ಎನ್ನುತ್ತೇವೆ. ವಿಜ್ಞಾನದಲ್ಲಿ ಇದೇ ಮಾತಿಗೆ ಅಳತೆಗೆ ಸಿಗುವ ಅರ್ಥವಿದೆ. ನಮ್ಮ ನೆರೆಯ ಮರಾಠಿ ಶಾಲೆಯ ಮಕ್ಕಳು ಇದನ್ನು 'ಕಾರ್ಯ' ಎಂದು ಕಲಿಯುತ್ತಾರೆ. ಈ ಅರ್ಥವನ್ನು 1829ರಲ್ಲಿ ಖಚಿತಪಡಿಸಿದವನು ಫ್ರಾನ್ಸಿನ ಕೊರಿಯೊಲಿಸ್.

ಬಲವನ್ನು ದೂರದಿಂದ ಗುಣಿಸಿದರೆ ಕೆಲಸ ಬರುತ್ತದೆಂದು ನಾವು ಬಾಯಿಪಾಠ ಮಾಡುತ್ತೇವೆ. ಬಲವೂ ಚಲನೆಯೂ ಒಂದೇ ದಿಕ್ಕಿನಲ್ಲಿದ್ದರೆ ಮಾತ್ರ ಅದು ಸರಿ. ಬಲ ಓರೆಯಾದರೆ?

ಕಬಡ್ಡಿ ಅಂಗಳವನ್ನು ಸಮ ಮಾಡಲು ಹಲಗೆಗೆ ಹಗ್ಗ ಕಟ್ಟಿ ಎಳೆಯುತ್ತೇವೆ ಎನ್ನೋಣ. ಹಗ್ಗವು ನೆಲಕ್ಕೆ 60 ಡಿಗ್ರಿ ಕೋನದಲ್ಲಿದೆ. ಎಳೆತ 100 ನ್ಯೂಟನ್, ಎಂದರೆ ಸುಮಾರು 10 ಕಿಲೋ ತೂಕವನ್ನು ಎತ್ತಿ ಹಿಡಿಯುವಷ್ಟು ಬಲ. ಹಲಗೆ ಸರಿದದ್ದು 10 ಮೀಟರ್.

ಈಗ ನೋಟುಬುಕ್ಕಿನಲ್ಲಿ ನೆಲದ ಗೆರೆ ಎಳೆಯಿರಿ. ಅದರ ಒಂದು ತುದಿಯಿಂದ 60 ಡಿಗ್ರಿ ಕೋನದಲ್ಲಿ 10 ಸೆಂಟಿಮೀಟರ್ ಉದ್ದದ ಓರೆ ಗೆರೆ ಎಳೆಯಿರಿ. ಇದೇ ನಮ್ಮ 100 ನ್ಯೂಟನ್. ಅದರ ಮೇಲ್ತುದಿಯಿಂದ ನೆಲದ ಗೆರೆಗೆ ಲಂಬ ಇಳಿಸಿರಿ. ಲಂಬದ ಬುಡದವರೆಗೆ ನೆಲದ ಗೆರೆಯನ್ನು ಅಳೆದರೆ 5 ಸೆಂಟಿಮೀಟರ್. ಅಂದರೆ ಹಲಗೆಯನ್ನು ಮುಂದಕ್ಕೆ ಒಯ್ಯುವ ಭಾಗ ಕೇವಲ 50 ನ್ಯೂಟನ್. ಮಿಕ್ಕ ಭಾಗ ಮೇಲಕ್ಕೆ ಜಗ್ಗುತ್ತದೆ. ಹಲಗೆ ಮೇಲೇಳದ ಕಾರಣ ಆ ಭಾಗದಿಂದ ಕೆಲಸವಾಗದು. ಆದ್ದರಿಂದ,

ಕೆಲಸ = 50 × 10 = 500 ಜೂಲ್.

ಈ ಚಿತ್ರವನ್ನೇ ಸೂತ್ರವು ಒಂದು ಸಾಲಿನಲ್ಲಿ ಹೇಳುತ್ತದೆ:

ಕೆಲಸ = ಬಲ × ದೂರ × ಕೋನದ ಕೊಸೈನ್.

60 ಡಿಗ್ರಿಯ ಕೊಸೈನ್ ಅರ್ಧ. ಹಗ್ಗವನ್ನು ಉದ್ದ ಮಾಡಿ ಕೋನವನ್ನು 30 ಡಿಗ್ರಿಗೆ ಇಳಿಸಿದರೆ ಕೊಸೈನ್ 0.866, ಅದೇ ಎಳೆತಕ್ಕೆ ಅದೇ ದೂರದಲ್ಲಿ 866 ಜೂಲ್ ಕೆಲಸ. ಕೋನ ಸೊನ್ನೆಯಾದರೆ ಪೂರ್ತಿ 1000 ಜೂಲ್.

ಕೋನ 90 ಡಿಗ್ರಿಯಾದರೆ ಕೊಸೈನ್ ಸೊನ್ನೆ, ಕೆಲಸವೂ ಸೊನ್ನೆ. ನೀರಿನ ಕೊಡ ಹೊತ್ತು ಸಮನೆಲದ ಮೇಲೆ ಒಂದೇ ವೇಗದಲ್ಲಿ ನಡೆಯುವ ತಾಯಿ ಕೊಡವನ್ನು ಮೇಲ್ಮುಖವಾಗಿ ಆನಿಸಿ ಹಿಡಿದಿರುತ್ತಾಳೆ. ನಡಿಗೆ ಮಾತ್ರ ಮುಂದಕ್ಕೆ. ಹೀಗಾಗಿ ಆ ಬಲ ಕೊಡದ ಮೇಲೆ ಮಾಡಿದ ಕೆಲಸ ಸೊನ್ನೆ. ಇದನ್ನು ಓದಿ "ಅವ್ವ ಕೆಲಸವನ್ನೇ ಮಾಡಲಿಲ್ಲ" ಎಂದು ನಗುವವರಿದ್ದಾರೆ. ಅದು ತಪ್ಪು. ಕೊಡವನ್ನು ನೆಲದಿಂದ ಎತ್ತಿದ್ದು ಕೆಲಸವೇ. ಹೊತ್ತು ನಡೆಯುವಾಗಲೂ ಅವಳ ಸ್ನಾಯುಗಳು ಶಕ್ತಿ ವ್ಯಯಿಸುತ್ತಲೇ ಇರುತ್ತವೆ. ಸೂತ್ರವು ಒಂದು ಬಲದ ಲೆಕ್ಕ ಹೇಳುತ್ತದೆಯೇ ಹೊರತು ಮನುಷ್ಯರ ದುಡಿಮೆಗೆ ಬೆಲೆ ಕಟ್ಟುವುದಿಲ್ಲ. ಪಾಲಕರೂ ಮಕ್ಕಳಿಗೆ ಈ ಭೇದವನ್ನು ತಿಳಿಸಿ ಹೇಳಬೇಕು.

ಮನೆಯಲ್ಲಿ ಬಿಡಿಸಿರಿ: 80 ನ್ಯೂಟನ್ ಬಲದಿಂದ, 60 ಡಿಗ್ರಿ ಕೋನದಲ್ಲಿ, ಒಂದು ಪೆಟ್ಟಿಗೆಯನ್ನು 5 ಮೀಟರ್ ಎಳೆದರೆ ಆದ ಕೆಲಸವೆಷ್ಟು? ಮೊದಲು ಚಿತ್ರ ಬರೆಯಿರಿ, ಆಮೇಲೆ ಸೂತ್ರ ಹಚ್ಚಿರಿ. ಎರಡರಿಂದಲೂ 200 ಜೂಲ್ ಬಂದರೆ ಪಾಠ ತಿಳಿಯಿತೆಂದು ಅರ್ಥ.